ಮೋಟಾರು ಗಾಡಿಯ ಮೈತಗಡು: ಬಣ್ಣಕ್ಕೆ ಮುಂಚಿನ ಕೆಲಸದ ಚರಿತ್ರೆ



ಹಳೆಯ ಮೋಟಾರು ಗಾಡಿಗಳ ಪ್ರದರ್ಶನಕ್ಕೆ ಹೋದವರ ಬಾಯಿಂದ ಮೊದಲು ಹೊರಡುವ ಮಾತು ಸಾಮಾನ್ಯವಾಗಿ ಬಣ್ಣವನ್ನು ಕುರಿತದ್ದು. ತೊಂಬತ್ತು ವರ್ಷದ ಗಾಡಿ ಇಂದು ಬೆಳಗ್ಗೆ ಕಾರ್ಖಾನೆಯಿಂದ ಹೊರಬಂದಂತೆ ಥಳಥಳಿಸುವುದನ್ನು ಕಂಡು, "ಏನು ಬಣ್ಣ! ಮುಖ ನೋಡಿಕೊಳ್ಳಬಹುದು" ಎಂದು ಬೆರಗಾಗುತ್ತೇವೆ. ಬಣ್ಣ ಬಳಿದವನಿಗೆ ಈ ಹೊಗಳಿಕೆಯಲ್ಲಿ ಪಾಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬಹುಭಾಗ ಸಲ್ಲಬೇಕಾದದ್ದು ಅವನಿಗಲ್ಲ. ಬಣ್ಣವೆಂಬುದು ಒಂದೆರಡು ಕೂದಲೆಳೆಗಳ ದಪ್ಪದ ಪೊರೆ. ಕೆಳಗಿನ ತಗಡು ಹೇಗಿದೆಯೋ ಹಾಗೆಯೇ ಅದು ಮಲಗುತ್ತದೆ. ತಗಡಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ತಗ್ಗೊಂದಿದ್ದರೆ ಮಂಕು ಬಣ್ಣದಲ್ಲಿ ಅದು ಅಡಗೀತು; ಹೊಳೆಯುವ ಬಣ್ಣದಲ್ಲಾದರೋ, ಎದುರಿನ ದೀಪದ ಕಂಬದ ಪ್ರತಿಬಿಂಬ ಹಾವಿನಂತೆ ಹೊರಳಿ ಗುಟ್ಟನ್ನು ರಟ್ಟುಮಾಡುತ್ತದೆ.

ಈ ತಗಡನ್ನು ನೇರಮಾಡಿ ಬಣ್ಣಕ್ಕೆ ಅಣಿಗೊಳಿಸುವ ಕೆಲಸದ ಚರಿತ್ರೆಯನ್ನು ಈ ಸಂಜೆ ತಮ್ಮ ಮುಂದಿಡಬೇಕೆಂದಿದ್ದೇನೆ. ಕೆಲಸ ಚೆನ್ನಾದಷ್ಟೂ ಅದು ಕಣ್ಣಿಗೆ ಕಾಣದೆ ಹೋಗುವುದರಿಂದ, ಅದನ್ನು ಮಾಡಿದವರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ. ಉಳಿದಿರುವುದು ಅವರ ಉಪಕರಣಗಳು, ಅವರ ರೂಢಿಗಳು, ಮತ್ತು ಅವರ ಕೈ ಮುಟ್ಟಿದ ತಗಡುಗಳು.

ಮೋಟಾರಿನ ಎಂಜಿನು ಹೊಸ ಸೃಷ್ಟಿಯಾದರೂ ಅದರ ಒಡಲು ಕುದುರೆ ಸಾರೋಟಿನ ವಂಶದ್ದು. ಹತ್ತೊಂಬತ್ತನೆಯ ಶತಮಾನದ ಲಂಡನ್ನು, ಪ್ಯಾರಿಸ್ಸುಗಳ ಸಾರೋಟುಗಾರರು ಆಶ್ ಎಂಬ ಬಿಗಿಯಾದ ಮರದಿಂದ ಹಂದರವನ್ನು ಕಟ್ಟಿ, ಅದರ ಮೇಲೆ ತೆಳುವಾದ ಮಹಾಗನಿ ಹಲಗೆಗಳನ್ನು ನೀರಿನಿಂದಲೂ ಕಾವಿನಿಂದಲೂ ಬಾಗಿಸಿ ಹೊದಿಸುತ್ತಿದ್ದರು. ಮರವೆಂದರೆ ರಂಧ್ರಗಳುಳ್ಳ ವಸ್ತು. ಅದನ್ನು ಕನ್ನಡಿಯ ಸಮಕ್ಕೆ ತರಬೇಕಾದರೆ ಬಣ್ಣದಿಂದಲೇ ತುಂಬಬೇಕು. ಆದುದರಿಂದ ಅವರು ಮೊದಲು ಸಫೇದವನ್ನು, ಎಂದರೆ ಸೀಸದಿಂದಾದ ಬಿಳಿ ಬಣ್ಣವನ್ನು, ಎಣ್ಣೆಯಲ್ಲಿ ಕಲಸಿ ಬಳಿದು, ಅದರ ಮೇಲೆ ತರಿತರಿಯಾದ ಮಣ್ಣುಬಣ್ಣದ ಲೇಪವನ್ನು ಸಾಲುಸಾಲಾಗಿ ಕೊಡುತ್ತಿದ್ದರು. ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ, ಜ್ವಾಲಾಮುಖಿಗಳು ಕಾರುವ ಹಗುರವಾದ ನೊರೆಗಲ್ಲಿನಿಂದ ನೀರು ಹಾಕಿ ಉಜ್ಜುವುದು. ಆಮೇಲೆ ಬಣ್ಣ, ಆಮೇಲೆ ಮೆರುಗೆಣ್ಣೆ. ಒಂದೊಂದರ ನಡುವೆಯೂ ಒಣಗಲು ದಿವಸಗಳ ಬಿಡುವು. ಒಟ್ಟು ಇಪ್ಪತ್ತು ಲೇಪಗಳಾದರೂ ಅದು ಅತಿಯಲ್ಲ. ಒಳ್ಳೆಯ ಸಾರೋಟು ಬಣ್ಣದ ಮನೆಯೊಳಕ್ಕೆ ಹೋಗಿ ಹೊರಬರುವಷ್ಟರಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಕಾಲ ಹಿಡಿಯುತ್ತಿತ್ತು.

ಇವರ ರೂಢಿಗಳಲ್ಲಿ ಒಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದು ಇಂದಿಗೂ ಸತ್ತಿಲ್ಲ. ತುಂಬುಲೇಪ ಒಣಗಿದ ಮೇಲೆ, ಉಜ್ಜುವುದಕ್ಕೆ ಮೊದಲು, ಬೇರೆ ಬಣ್ಣದ ತೀರ ತೆಳುವಾದ ನೀರುಲೇಪವೊಂದನ್ನು ಎಲ್ಲೆಡೆಯೂ ಸವರುವರು. ಕಲ್ಲಿನಿಂದ ಉಜ್ಜುತ್ತ ಹೋದಂತೆ ಉಬ್ಬಿದ ಕಡೆ ಈ ಸುಳುಹು ಬಣ್ಣ ಮೊದಲು ಅಳಿಯುತ್ತದೆ. ತಗ್ಗಿದ ಕಡೆ ಉಳಿಯುತ್ತದೆ. ಎಲ್ಲಿ ಬಣ್ಣ ಉಳಿದಿದೆಯೋ ಅಲ್ಲಿ ದೋಷವುಂಟೆಂದು ಅರ್ಥ. ಕಣ್ಣು ಮೋಸಹೋದೀತು, ಕೈ ದಣಿದೀತು. ಸುಳುಹು ಬಣ್ಣ ಮಾತ್ರ ಮುಖನೋಡಿ ಮಾತನಾಡುವುದಿಲ್ಲ. ಇಂದು ಇದೇ ಕೆಲಸಕ್ಕೆ ಕಪ್ಪು ಪುಡಿಯನ್ನು ಸವರುವುದುಂಟು.

1886ನೆಯ ಇಸವಿಯಲ್ಲಿ ಎರಡು ಸಂಗತಿಗಳು ನಡೆದುವು. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಎಂಬಾತನು ತನ್ನ ಮೋಟಾರು ಗಾಡಿಗೆ ಹಕ್ಕುಪತ್ರವನ್ನು ಪಡೆದನು. ಅದೇ ವರ್ಷ ಅಮೆರಿಕಾದಲ್ಲಿ ಹಾಲ್ ಎಂಬ ತರುಣನೂ ಫ್ರಾನ್ಸಿನಲ್ಲಿ ಎರೂ ಎಂಬ ತರುಣನೂ, ಒಬ್ಬರನ್ನೊಬ್ಬರು ಅರಿಯದೆಯೇ, ವಿದ್ಯುಚ್ಛಕ್ತಿಯಿಂದ ಅಲ್ಯೂಮಿನಿಯಮ್ಮನ್ನು ಅಗ್ಗವಾಗಿ ತೆಗೆಯುವ ಉಪಾಯವನ್ನು ಕಂಡುಕೊಂಡರು. ಇಪ್ಪತ್ತೇ ವರ್ಷಗಳಲ್ಲಿ ಈ ಎರಡೂ ಸಂಗತಿಗಳು ಸಾರೋಟುಗಾರನ ಅಂಗಡಿಯಲ್ಲಿ ಕೂಡಿಕೊಂಡುವು. ಆ ಕಾಲದ ದೊಡ್ಡ ಮೋಟಾರು ಕಂಪೆನಿಗಳು ಎಂಜಿನನ್ನೂ ಅಡಿಗಟ್ಟನ್ನೂ ಮಾತ್ರ ಮಾಡಿ ಕೊಡುತ್ತಿದ್ದುವು. ಒಡಲನ್ನು ಕಟ್ಟಿಸಿಕೊಳ್ಳುವುದು ಕೊಂಡವನ ಇಷ್ಟ. ರೋಲ್ಸ್-ರಾಯ್ಸ್ ಕಂಪೆನಿಯ 1907ರ 'ಸಿಲ್ವರ್ ಘೋಸ್ಟ್' ಎಂಬ ಪ್ರಸಿದ್ಧವಾದ ಗಾಡಿಗೆ ಒಡಲನ್ನು ಕಟ್ಟಿದವರು ಲಂಡನ್ನಿನ ಬಾರ್ಕರ್ ಎಂಬ ಹಳೆಯ ಸಾರೋಟು ಮನೆತನದವರು.

ಹೀಗೆ ಮಹಾಗನಿಯ ಸ್ಥಾನಕ್ಕೆ ಲೋಹ ಬಂದಿತು. ಮರಗೆಲಸದ ಅಂಗಡಿಯಲ್ಲಿ ತಗಡು ಬಡಿಯುವವನು ಕಾಣಿಸಿಕೊಂಡನು. ಅವನ ಮುಖ್ಯ ಸಾಧನವೆಂದರೆ ಮರಳಿನ ಚೀಲ, ಮರದ ಕೊಡತಿ ಮತ್ತು ಇಂಗ್ಲಿಷ್ ಚಕ್ರವೆಂದು ಕರೆಯುವ ಒಂದು ಯಂತ್ರ. ಇದರಲ್ಲಿ ಮೇಲೊಂದು ದೊಡ್ಡ ಚಪ್ಪಟೆ ಚಕ್ರ, ಕೆಳಗೊಂದು ಉಬ್ಬಿದ ಮೈಯ ಸಣ್ಣ ಚಕ್ರ. ನಡುವೆ ತಗಡನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ನೂರಾರು ಸಲ ಓಡಿಸಿದರೆ ಅದು ನಡುವಿನಲ್ಲಿ ಹಿಗ್ಗಿ ಬಟ್ಟಲಿನಂತೆ ಬಾಗುತ್ತದೆ, ಜೊತೆಗೆ ಕೊಡತಿಯ ಗುರುತುಗಳೂ ಅಳಿಯುತ್ತವೆ. ಬಡಿದಷ್ಟೂ ಅಲ್ಯೂಮಿನಿಯಮ್ಮು ಬಿರುಸಾಗುವುದರಿಂದ ಆಗಾಗ ಕಾಯಿಸಿ ಮೃದುಮಾಡಬೇಕು. ಇಲ್ಲೊಂದು ತೊಡಕು. ಕಬ್ಬಿಣವು ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಮ್ಮು ಬಣ್ಣ ಬದಲಿಸದೆ ಇದ್ದು 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಥಟ್ಟನೆ ಕರಗಿ ನೆಲಕ್ಕೆ ಬೀಳುತ್ತದೆ. ಕೆಲಸಗಾರರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ: ತಗಡಿನ ಮೇಲೆ ಸಾಬೂನಿನಿಂದ ಒಂದು ಗೆರೆ ಎಳೆದು ಕಾಯಿಸುವುದು, ಗೆರೆ ಕಂದಿ ಕಪ್ಪಾದ ಕೂಡಲೆ ಉರಿಯನ್ನು ತೆಗೆಯುವುದು. ಯಾವ ಉಷ್ಣಮಾಪಕವೂ ಇಲ್ಲದೆ ಹೀಗೆ ಎಷ್ಟೋ ಸಾವಿರ ಗಾಡಿಗಳ ಮೈ ರೂಪುಗೊಂಡಿತು.

ಇಷ್ಟಾದರೂ ಬಣ್ಣದ ಮನೆಯ ಪದ್ಧತಿ ಮಾತ್ರ ಸಾರೋಟಿನ ಕಾಲದ್ದೇ ಆಗಿತ್ತು. ತಗಡು ಸ್ವಲ್ಪ ಅಂಕುಡೊಂಕಾದರೇನು, ಮೇಲಿನ ತುಂಬುಲೇಪಗಳು ಮುಚ್ಚುತ್ತಿದ್ದುವು. ಹೆನ್ರಿ ಫೋರ್ಡನು 1913ರಲ್ಲಿ ಸಾಗುವ ಜೋಡಣೆಯ ಸಾಲನ್ನು ಏರ್ಪಡಿಸಿದಾಗ ಈ ನಿಧಾನ ಅಸಹನೀಯವಾಯಿತು. 1914ರಿಂದ 1925ರವರೆಗೆ ಅವನ 'ಮಾಡೆಲ್ ಟಿ' ಗಾಡಿ ಕಪ್ಪು ಬಣ್ಣವೊಂದರಲ್ಲಿಯೇ ದೊರೆಯುತ್ತಿದ್ದುದನ್ನು ತಾವು ಕೇಳಿರಬಹುದು. ಒಲೆಯಲ್ಲಿ ಸುಟ್ಟು ಗಟ್ಟಿಮಾಡಿದ ಆ ಕಪ್ಪು ಅಗ್ಗವಾಗಿಯೂ ಬಾಳಿಕೆಯದಾಗಿಯೂ ಇತ್ತು. ಬಣ್ಣಬಣ್ಣದ ಗಾಡಿಗಳನ್ನು ಮಾಡುವ ಇತರ ಕಂಪೆನಿಗಳಾದರೋ, ಒಣಗುತ್ತಿರುವ ಒಡಲುಗಳಿಗೆ ನೆರಳು ಒದಗಿಸಲು ಎಕರೆಗಟ್ಟಲೆ ಕಟ್ಟಡಗಳನ್ನು ಕಟ್ಟಬೇಕಾಗಿತ್ತು.

ಈ ಸಂಕಟವನ್ನು ಬಿಡಿಸಿದ್ದು ಯುದ್ಧದ ಮದ್ದು. ಮೊದಲನೆಯ ಮಹಾಯುದ್ಧ ಮುಗಿದಾಗ ಅಮೆರಿಕಾದ ಡುಪಾಂಟ್ ಕಂಪೆನಿಯ ಬಳಿ ಸಿಡಿಮದ್ದಿಗಾಗಿ ಹತ್ತಿಯನ್ನು ಆಮ್ಲದಲ್ಲಿ ನೆನೆಸಿ ನೈಟ್ರೊಸೆಲ್ಯುಲೋಸನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳಿದ್ದುವು, ಕೊಳ್ಳುವವರಿರಲಿಲ್ಲ. ಈ ಪದಾರ್ಥದ ದ್ರಾವಣ ಮಾಮೂಲಾಗಿ ಗಂಜಿಯಂತೆ ಮಂದ. ಅದು ತೆಳುವಾಗಿದ್ದೂ ಬೇಕಾದಷ್ಟು ಬಣ್ಣದ ಪುಡಿಯನ್ನು ಹೊರಬಲ್ಲಂತೆ ಮಾಡುವ ದಾರಿ 1920ರಲ್ಲಿ ಅವರ ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಗೋಚರಿಸಿತು. ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನಾಧ್ಯಕ್ಷನಾಗಿದ್ದ ಚಾರ್ಲ್ಸ್ ಕೆಟರಿಂಗ್ ಇದರ ಬೆನ್ನುಹತ್ತಿದನು. ಇಷ್ಟು ಬೇಗ ಒಣಗುವ ಬಣ್ಣ ಸಾಧ್ಯವೇ ಇಲ್ಲವೆಂದು ವಾದಿಸುತ್ತಿದ್ದ ಬಣ್ಣದ ವ್ಯಾಪಾರಿಯೊಬ್ಬನನ್ನು ಅವನು ಊಟಕ್ಕೆ ಕರೆದನಂತೆ. ಊಟ ಮುಗಿಸಿ ಹೊರಗೆ ಬಂದ ವ್ಯಾಪಾರಿಗೆ ತನ್ನ ಗಾಡಿಯೇ ಗುರುತು ಸಿಕ್ಕಲಿಲ್ಲವಂತೆ, ಏಕೆಂದರೆ ಅಷ್ಟರಲ್ಲಿ ಅದರ ಬಣ್ಣ ಬದಲಾಗಿತ್ತು! ಕಥೆ ಎಷ್ಟುಮಟ್ಟಿಗೆ ನಿಜವೋ, ಬಣ್ಣವಂತೂ ನಿಜ. ಡುಕೋ ಎಂಬ ಹೆಸರಿನಿಂದ ಅದು 1923ರಲ್ಲಿ ಓಕ್‌ಲೆಂಡ್ ಎಂಬ ಗಾಡಿಯ ಮೇಲೆ ನೀಲಿಯಾಗಿ ಬೀದಿಗೆ ಬಂದಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು.

ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಕೈಚಪ್ಪಾಳೆ ತಟ್ಟುತ್ತಾರೆ. ನನಗೆ ತೋರುವಂತೆ ನಿಜವಾದ ಕಥೆ ಇಲ್ಲಿಂದ ಆರಂಭವಾಗುತ್ತದೆ. ಹಳೆಯ ಲೇಪಗಳು ದಪ್ಪವಾಗಿದ್ದುವು, ಆದುದರಿಂದ ದೋಷಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದುವು. ಹೊಸ ಬಣ್ಣದಲ್ಲಿ ಬಹುಭಾಗ ಹಾರಿಹೋಗುವ ದ್ರವ; ಅದು ಆರಿದ ಮೇಲೆ ಉಳಿಯುವ ಪೊರೆ ಅತ್ಯಂತ ತೆಳು, ಮೇಲಾಗಿ ದಿನಗಳು ಕಳೆದಂತೆ ಇನ್ನೂ ಕುಗ್ಗಿ ಕೆಳಗಿನ ಗೀರುಗಳೊಳಕ್ಕೆ ಇಳಿಯುವಂಥದು. ಬಣ್ಣದವನು ಉಳಿಸಿದ ಕಾಲದ ಒಂದು ಪಾಲನ್ನು ಇನ್ನು ತಗಡಿನವನು ತೆರಬೇಕಾಯಿತು. ಮುಂಚೆ ನೊರೆಗಲ್ಲು ಮಾಡುತ್ತಿದ್ದ ಕೆಲಸವನ್ನು ಈಗ ಸುತ್ತಿಗೆಯೂ ಅರವೂ ಮಾಡಬೇಕು.

ಇದೇ ಕಾಲಕ್ಕೆ ಒಡಲಿನ ರಚನೆಯೂ ಬದಲಾಗುತ್ತಿತ್ತು. ಫಿಲಡೆಲ್ಫಿಯಾ ನಗರದ ಎಡ್ವರ್ಡ್ ಬಡ್ ಎಂಬಾತನು 1912ರಲ್ಲಿ ತನ್ನ ಕಂಪೆನಿಯನ್ನು ಸ್ಥಾಪಿಸಿ, ಮರದ ಹಂದರವಿಲ್ಲದೆ ಉಕ್ಕಿನ ತಗಡುಗಳನ್ನೇ ಒತ್ತಿ ಬೆಸೆದು ಒಡಲನ್ನು ಮಾಡತೊಡಗಿದನು. ಡಾಡ್ಜ್ ಸಹೋದರರು ಅವನ ಮೊದಲ ದೊಡ್ಡ ಗಿರಾಕಿಗಳು. 1924ರಲ್ಲಿ ಫ್ರಾನ್ಸಿನ ಸಿತ್ರೋಯೆನ್ ಅವನ ವಿಧಾನವನ್ನು ಕೊಂಡಿತು. 1926ರಲ್ಲಿ ಇಂಗ್ಲೆಂಡಿನ ಕೌಲಿಯಲ್ಲಿ ಅವನ ಸಹಯೋಗದಿಂದಲೇ ಪ್ರೆಸ್ಡ್ ಸ್ಟೀಲ್ ಕಂಪೆನಿ ಎದ್ದಿತು. ಮಾಳಿಗೆಯಷ್ಟು ಅಗಲದ ತಗಡು ಬಹುಕಾಲ ದೊರೆಯದಿದ್ದುದರಿಂದ ಗಾಡಿಯ ನೆತ್ತಿಯನ್ನು ಬಟ್ಟೆಯಿಂದಲೇ ಮುಚ್ಚುತ್ತಿದ್ದರು. ಅಗಲವಾದ ಪಟ್ಟಿಗಳನ್ನು ಎಳೆಯುವ ಗಿರಣಿಗಳು ಬಂದ ಮೇಲೆ 1935ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್‌ನವರು ಒಂದೇ ತಗಡಿನ ಉಕ್ಕಿನ ಮಾಳಿಗೆಯನ್ನು ತಂದರು. ಒತ್ತುಯಂತ್ರದಿಂದ ಬಂದ ತಗಡು ಸಮವಾಗಿಯೇ ಇರುತ್ತದೆ. ಆದರೆ ಎರಡು ತಗಡುಗಳು ಕೂಡುವ ಸಂದುಗಳನ್ನು ಮರೆಮಾಡುವುದಕ್ಕೂ, ಸಾಗಿಸುವಾಗ ಬಿದ್ದ ನೆಗ್ಗುಗಳನ್ನು ತೆಗೆಯುವುದಕ್ಕೂ ಕಾರ್ಖಾನೆಗಳಲ್ಲಿ ನುರಿತ ಕೆಲಸಗಾರರ ಸಾಲೇ ನಿಂತಿರುತ್ತಿತ್ತು. ಇನ್ನು ಬೀದಿಯಲ್ಲಿ ಗಾಡಿಗೆ ಗಾಡಿ ತಾಗಿದ ಮೇಲಂತೂ ಯಂತ್ರದ ಮಾತೇ ಇಲ್ಲ. ಅಲ್ಲಿರುವುದು ಮನುಷ್ಯನ ಕೈ.

ನೆಗ್ಗನ್ನು ತೆಗೆಯುವುದೆಂದರೆ ಒಳಗಡೆಯಿಂದ ಒಂದು ಪೆಟ್ಟು ಕೊಟ್ಟರಾಯಿತೆಂದು ನಾವು ತಿಳಿಯುತ್ತೇವೆ. ಅದರಿಂದಲೇ ತಗಡು ಕೆಡುವುದು. ಉಕ್ಕಿನ ತಗಡನ್ನು ಸ್ವಲ್ಪ ಬಾಗಿಸಿ ಬಿಟ್ಟರೆ ಅದು ತಾನಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ; ಒಂದು ಮಿತಿಯನ್ನು ಮೀರಿ ಮಡಿಸಿದರೆ ಮಾತ್ರ ಹಾಗೆಯೇ ನಿಲ್ಲುತ್ತದೆ, ಮಡಿದ ಗೆರೆಯುದ್ದಕ್ಕೂ ಬಿರುಸೂ ಆಗುತ್ತದೆ. ಬಾಗಿಲೊಂದಕ್ಕೆ ತಟ್ಟೆಯಗಲದ ನೆಗ್ಗು ಬಿದ್ದಿದೆಯೆನ್ನೋಣ. ಅದರೊಳಗಿನ ಲೋಹದ ಬಹುಭಾಗ ಕೆಟ್ಟೇ ಇಲ್ಲ. ಮರಳಿ ಬರಲು ಅದು ಸಿದ್ಧವಾಗಿಯೇ ಇದೆ. ಸುತ್ತಲೂ ಎದ್ದಿರುವ ಒಂದೆರಡು ಬಿರುಸಾದ ಏಣುಗಳು ಅದನ್ನು ಸೆರೆಹಿಡಿದಿವೆ, ಅಷ್ಟೆ. ಅನನುಭವಿಯು ನೆಗ್ಗಿನ ಆಳಕ್ಕೆ ಹೊಡೆಯುತ್ತಾನೆ. ಅನುಭವಿಯು ಏಣನ್ನು ಹುಡುಕುತ್ತಾನೆ. ಪೆಟ್ಟು ಬಿದ್ದಾಗ ಯಾವ ಏಣು ಕಡೆಯಲ್ಲಿ ಎದ್ದಿತೋ ಅದನ್ನು ಮೊದಲು ಇಳಿಸಬೇಕು, ಮೊದಲು ಎದ್ದದ್ದನ್ನು ಕಡೆಗೆ. ನೂಲಿನ ಸಿಕ್ಕನ್ನು ಬಿಡಿಸುವ ಹೆಂಗಸರಿಗೆ ಈ ನ್ಯಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಉಪಕರಣಗಳು ಎರಡೇ: ಹಗುರವಾದ ಸುತ್ತಿಗೆ, ಮತ್ತು ಅಂಗೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ. ಇದನ್ನು ಡಾಲಿ ಎನ್ನುತ್ತಾರೆ. ನಮ್ಮೂರಿನ ಟಿಂಕರ್ ಅಂಗಡಿಗಳಲ್ಲಿಯೂ ಅದೇ ಹೆಸರು. ತಗಡಿನ ಒಳಮೈಗೆ ಡಾಲಿಯನ್ನು ಒತ್ತಿ ಹಿಡಿದು, ಹೊರಗಿನಿಂದ ಸರಿಯಾಗಿ ಅದರ ಮೇಲೆಯೇ ಹೊಡೆದರೆ ನಡುವೆ ಸಿಕ್ಕಿದ ಲೋಹ ಚಪ್ಪಟೆಯಾಗುವುದೇನೋ ಸರಿ, ಆದರೆ ಅಗಲವೂ ಆಗುತ್ತದೆ. ಡಾಲಿ ತಗ್ಗಿನ ಕೆಳಗಿದ್ದು ಸುತ್ತಿಗೆ ಪಕ್ಕದ ಏಣಿನ ಮೇಲೆ ಬಿದ್ದರೆ, ಏಣು ಇಳಿಯುತ್ತದೆ, ತಗ್ಗು ಏರುತ್ತದೆ, ಲೋಹ ಹಿಗ್ಗುವುದಿಲ್ಲ. ಈ ಒಂದು ಭೇದವನ್ನು ಕೈ ಕಲಿಯುವುದಕ್ಕೆ ವರ್ಷಗಳೇ ಬೇಕು. ಹಿಗ್ಗಿದ ತಗಡಿಗೆ ಜಾಗ ಸಾಲದೆ ಅದು ಹಳೆಯ ಎಣ್ಣೆ ಡಬ್ಬಿಯ ತಳದಂತೆ, ಒತ್ತಿದರೆ 'ಟಕ್' ಎಂದು ಒಳಕ್ಕೆ, ಬಿಟ್ಟರೆ 'ಟಕ್' ಎಂದು ಹೊರಕ್ಕೆ ಹಾರುತ್ತದೆ. ಇದಕ್ಕೂ ಚಿಕಿತ್ಸೆಯುಂಟು. ಬೆಸುಗೆಯ ಉರಿಯಿಂದ ಒಂದು ಸಣ್ಣ ಬೊಟ್ಟಿನಷ್ಟು ಜಾಗವನ್ನು ಕೆಂಪಗೆ ಕಾಯಿಸಿದರೆ ಆ ಬೊಟ್ಟು ಹಿಗ್ಗಬಯಸುತ್ತದೆ. ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಬೇರೆ ದಾರಿಯಿಲ್ಲದೆ ಅದು ದಪ್ಪವಾಗುತ್ತದೆ. ಆಮೇಲೆ ಆರಿದಾಗ ಕುಗ್ಗಿ ಸುತ್ತಲಿನ ತಗಡನ್ನೂ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಬೆಂಕಿಯಿಂದ ಲೋಹವನ್ನು ಕುಗ್ಗಿಸುವುದೆಂದರೆ ವಿಚಿತ್ರವಾಗಿ ಕೇಳಿಸಬಹುದು. ನಾನೂ ಕಣ್ಣಾರೆ ನೋಡುವವರೆಗೆ ನಂಬಿರಲಿಲ್ಲ.

ಕಡೆಗೆ ಅರ. ಇದರ ಕೆಲಸ ತೇಯುವುದಕ್ಕಿಂತ ಹೆಚ್ಚಾಗಿ ತೋರಿಸುವುದು. ಅರವನ್ನು ಓರೆಯಾಗಿ ಒಮ್ಮೆ ಎಳೆದರೆ ಉಬ್ಬಿದ ಕಡೆ ಬೆಳ್ಳಗೆ ಗೀರು ಬೀಳುತ್ತದೆ, ತಗ್ಗು ಮಂಕಾಗಿಯೇ ಉಳಿಯುತ್ತದೆ. ಸಾರೋಟುಗಾರನ ಸುಳುಹು ಬಣ್ಣದ ಕೆಲಸವೇ ಇದು. ಹಳೆಯ ಗಾಡಿಯ ತಗಡು ಒಂದು ಮಿಲಿಮೀಟರಿನ ಆಸುಪಾಸು ಇರುವುದರಿಂದ ಅರವನ್ನು ಧಾರಾಳವಾಗಿ ಆಡಿಸುವಂತಿಲ್ಲ. ಪ್ರತಿಯೊಂದು ದುರಸ್ತಿಯಲ್ಲಿಯೂ ಮೂಲದ ಲೋಹ ಸ್ವಲ್ಪ ಸ್ವಲ್ಪವಾಗಿ ನೆಲಕ್ಕುದುರುತ್ತದೆ. ಅದನ್ನು ಮರಳಿ ತರುವ ವಿದ್ಯೆ ಯಾರಲ್ಲಿಯೂ ಇಲ್ಲ. ಈ ಮಾತಿಗೆ ಕೊನೆಯಲ್ಲಿ ಹಿಂದಿರುಗುತ್ತೇನೆ.

ಸುತ್ತಿಗೆಗೆ ಎಟುಕದ ಸಂದುಗಳನ್ನು ಏನು ಮಾಡಬೇಕು? ಇಲ್ಲಿ ನಮ್ಮ ದೇಶದ ಕೇಳುಗರಿಗೆ ಪರಿಚಿತವಾದ ವಿದ್ಯೆಯೊಂದು ಎದುರಾಗುತ್ತದೆ. ಕಲಾಯಿಯವನು ಬೀದಿಯಲ್ಲಿ ಗುಂಡಿ ತೋಡಿ, ತಿದಿಯೊತ್ತಿ, ಹಿತ್ತಾಳೆ ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಎರಚಿ, ಬೆಳ್ಳನೆಯ ಹೊಗೆಯ ನಡುವೆ ತವರದ ಕಡ್ಡಿಯನ್ನು ತಾಗಿಸಿ ಹತ್ತಿಯಿಂದ ಒರಸುವುದನ್ನು ನಮ್ಮ ಹಿರಿಯರು ನಿಂತು ನೋಡಿದ್ದಾರೆ. ಮೋಟಾರು ಕೆಲಸಗಾರನೂ ಉಕ್ಕನ್ನು ಹೊಳೆಯುವಂತೆ ಉಜ್ಜಿ, ಹೀಗೆಯೇ ಕಲಾಯಿ ಹಾಕಿಕೊಳ್ಳುತ್ತಾನೆ. ಆಮೇಲೆ ಅವನು ಹಚ್ಚುವುದು ಬರಿಯ ತವರವಲ್ಲ. ನೂರಕ್ಕೆ ಸುಮಾರು 30 ಪಾಲು ತವರ, 70 ಪಾಲು ಸೀಸ ಸೇರಿದ ಮಿಶ್ರಲೋಹ. ತವರ 232 ಡಿಗ್ರಿಯಲ್ಲಿ, ಸೀಸ 327 ಡಿಗ್ರಿಯಲ್ಲಿ ಒಮ್ಮೆಲೇ ಕರಗುತ್ತವೆ. ಈ ಮಿಶ್ರಣ ಮಾತ್ರ 183 ಡಿಗ್ರಿಯಲ್ಲಿ ಮೆತ್ತಗಾಗತೊಡಗಿ, ಸುಮಾರು 255 ಡಿಗ್ರಿಯವರೆಗೂ ಗಟ್ಟಿಯೂ ಅಲ್ಲ ನೀರೂ ಅಲ್ಲ ಎಂಬಂತೆ, ಚಳಿಗಾಲದ ಬೆಣ್ಣೆಯ ಹಾಗೆ ಇರುತ್ತದೆ. ಆ ಅವಧಿಯಲ್ಲಿ, ಕೊಬ್ಬು ಸವರಿದ ಮರದ ಪಟ್ಟಿಯಿಂದ ಅದನ್ನು ಬೇಕಾದ ಆಕಾರಕ್ಕೆ ಒತ್ತಿ ಸವರಬಹುದು. ಉರಿ ಕಡಮೆಯಾದರೆ ಪುಡಿಪುಡಿ, ಹೆಚ್ಚಾದರೆ ಎಲ್ಲವೂ ಕಾಲಿನ ಮೇಲೆ. ಲಂಬವಾಗಿ ನಿಂತ ಬಾಗಿಲಿಗೆ ಇದನ್ನು ಹಚ್ಚುವವನನ್ನು ನೋಡಿದರೆ ಮಾತನಾಡಿಸಲು ಮನಸ್ಸು ಬರುವುದಿಲ್ಲ. ಕೆಲಸ ಮುಗಿದ ಮೇಲೆ ಆಮ್ಲದ ಅಂಶವನ್ನು ಚೆನ್ನಾಗಿ ತೊಳೆಯದಿದ್ದರೆ ಕೆಲವು ತಿಂಗಳುಗಳಲ್ಲಿ ಬಣ್ಣ ಬೊಬ್ಬೆಯೇಳುತ್ತದೆ.

ಈ ನಯವಾದ ಲೋಹಕ್ಕೆ ತೆತ್ತ ಬೆಲೆಯನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾದೀತು. ಸೀಸ ವಿಷ. ಹಳೆಯ ಸಾರೋಟು ಬಣ್ಣಗಾರರು ಒಣಗಿದ ಸಫೇದವನ್ನು ಕಾಗದದಿಂದ ಉಜ್ಜುವಾಗ ಏಳುತ್ತಿದ್ದ ಧೂಳಿನಿಂದ ಹೊಟ್ಟೆನುಲಿತ, ಕೈಸೋಲುವಿಕೆ ಮೊದಲಾದ ವ್ಯಾಧಿಗಳಿಗೆ ತುತ್ತಾಗುತ್ತಿದ್ದರು. ಅಮೆರಿಕಾದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಬಣ್ಣಗಾರರ ಆರೋಗ್ಯವನ್ನು ಕುರಿತು 1913ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಒಣ ಉಜ್ಜಾಟದ ಅಪಾಯವನ್ನು ವಿವರಿಸಿದ್ದಾಳೆ. ಫ್ರಾನ್ಸಿಸ್ ಓಕಿ ಎಂಬಾತನು ಕಲ್ಪಿಸಿದ, ನೀರಿನಲ್ಲಿ ನೆನೆದರೂ ಬಿಚ್ಚದ ಉಪ್ಪುಕಾಗದವನ್ನು 3ಎಂ ಕಂಪೆನಿಯು 1921ರಲ್ಲಿ ಮಾರುಕಟ್ಟೆಗೆ ತಂದಿತು; ನೀರು ಹಾಕಿ ಉಜ್ಜುವಂತಾದುದರಿಂದ ಧೂಳು ಬಹಳಮಟ್ಟಿಗೆ ಅಡಗಿತು. ಆದರೆ ಉಕ್ಕಿನ ಒಡಲುಗಳು ಬಂದ ಮೇಲೆ ಸೀಸದ ಬೆಸುಗೆಯನ್ನು ಯಂತ್ರದಿಂದ ತೇಯುವ ಹೊಸ ಅಪಾಯ ಹುಟ್ಟಿಕೊಂಡಿತು. ದೊಡ್ಡ ಕಾರ್ಖಾನೆಗಳು ಈ ಕೆಲಸಕ್ಕೆ ಬೇರೆ ಕೋಣೆಗಳನ್ನು ಕಟ್ಟಿ, ಕೆಲಸಗಾರರ ಮುಖವಾಡಕ್ಕೆ ಹೊರಗಿನ ಗಾಳಿಯನ್ನು ಕೊಳವೆಯಿಂದ ಒದಗಿಸಿದುವು. ಸಣ್ಣ ಅಂಗಡಿಗಳ ಹುಡುಗರಿಗೆ ಆ ಕೊಳವೆ ಎಲ್ಲಿಂದ ಬರಬೇಕು?

ಯುದ್ಧಾನಂತರ, 1950ರ ದಶಕದಲ್ಲಿ, ಸೀಸಕ್ಕೆ ಪ್ರತಿಸ್ಪರ್ಧಿಯಾಗಿ ಪಾಲಿಯೆಸ್ಟರ್ ರಾಳದಲ್ಲಿ ಟಾಲ್ಕ್ ಪುಡಿಯನ್ನು ಕಲಸಿದ ಲೇಪ ಬಂದಿತು. ನಮ್ಮಲ್ಲಿ ಅದನ್ನು ಪುಟ್ಟಿಯೆನ್ನುತ್ತಾರೆ. ಸ್ವಲ್ಪ ಗಟ್ಟಿಕಾರಕವನ್ನು ಕಲಸಿದರೆ ಕಾಲು ಗಂಟೆಯೊಳಗೆ ಕಲ್ಲಾಗುತ್ತದೆ. ಉರಿ ಬೇಡ, ವರ್ಷಗಳ ಅಭ್ಯಾಸವೂ ಬೇಡ. ಇದನ್ನು ಹಳಿಯುವುದು ಹಳೆಯ ಗಾಡಿಗಳ ಪ್ರೇಮಿಗಳಲ್ಲಿ ಒಂದು ಶಿಷ್ಟಾಚಾರವೇ ಆಗಿಬಿಟ್ಟಿದೆ. ನಾನು ಅಷ್ಟು ದೂರ ಹೋಗಲಾರೆ. ತಗಡನ್ನು ಸುತ್ತಿಗೆಯಿಂದ ಸಾಧ್ಯವಾದಷ್ಟೂ ನೇರಮಾಡಿ, ತುಕ್ಕನ್ನು ಪೂರ್ತಿಯಾಗಿ ತೆಗೆದು, ಎಪಾಕ್ಸಿ ರಾಳದ ಅಸ್ತರಿಯನ್ನು ಕೊಟ್ಟು, ಎರಡು ಮೂರು ಮಿಲಿಮೀಟರಿಗೆ ಮೀರದಂತೆ ಹಚ್ಚಿದ ಪುಟ್ಟಿ ಹಲವು ವರ್ಷ ಬಾಳುತ್ತದೆ. ಹಚ್ಚುವವನ ರಕ್ತಕ್ಕೆ ಸೀಸವನ್ನೂ ಸೇರಿಸುವುದಿಲ್ಲ. ದೋಷ ಪದಾರ್ಥದ್ದಲ್ಲ, ಅದು ಒದಗಿಸುವ ಪ್ರಲೋಭನದ್ದು. ನೇರಮಾಡದೆಯೇ ಮುಚ್ಚಿಬಿಡಲು ಅದು ಅವಕಾಶ ಕೊಡುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಮಿತ್ರರೊಬ್ಬರು ಹಳೆಯ ಅಂಬಾಸಿಡರ್ ಗಾಡಿಯೊಂದನ್ನು ಹೊಸ ಬಣ್ಣದ ಸೊಬಗಿಗೆ ಮರುಳಾಗಿ ಕೊಂಡರು. ಮೊದಲನೆಯ ಮಳೆಗಾಲ ಕಳೆಯಿತು; ಹಿಂದಿನ ಮಡ್‌ಗಾರ್ಡಿನ ಮೇಲೆ ಗುಳ್ಳೆಯೆದ್ದಿತು. ಒಂದು ದಿನ ತೊಳೆಯುತ್ತಿರುವಾಗ ದೋಸೆಯಗಲದ ಚಕ್ಕೆಯೊಂದು ಕಳಚಿ ಕೈಗೆ ಬಂದಿತು. ಬೆರಳುದ್ದ ದಪ್ಪದ ಪುಟ್ಟಿ. ಅದರ ಹಿಂದೆ ತಗಡೇ ಇರಲಿಲ್ಲ. ತೂತಿಗೆ ತುರುಕಿದ್ದ ದಿನಪತ್ರಿಕೆಯ ತುಂಡಿನಲ್ಲಿ ಒಂದು ಕ್ರಿಕೆಟ್ ಪಂದ್ಯದ ವರದಿಯಿತ್ತು, ಅದನ್ನು ಮಿತ್ರರು ಸಾವಧಾನವಾಗಿ ಓದಿದರು. ಕೊಳ್ಳುವ ಮೊದಲು ಒಂದು ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಆಡಿಸಿದ್ದರೆ ಈ ಓದು ತಪ್ಪುತ್ತಿತ್ತು. ಉಕ್ಕಿರುವಲ್ಲಿ ಅದು ಹಿಡಿಯುತ್ತದೆ, ಪುಟ್ಟಿ ದಪ್ಪವಾಗಿರುವಲ್ಲಿ ಜಾರುತ್ತದೆ. ಆದರೆ ಸೀಸದ ಮೇಲೆಯೂ ಅಲ್ಯೂಮಿನಿಯಮ್ಮಿನ ಮೇಲೆಯೂ ಜಾರುವುದರಿಂದ, ಇಷ್ಟರಿಂದಲೇ ಯಾರನ್ನೂ ಕಳ್ಳನೆನ್ನಲಾಗದು.

ನಮ್ಮ ಸೀಮೆಯಲ್ಲಿ ಈ ತಗಡಿನ ಕೆಲಸಕ್ಕೆ ಕೈಗಳ ಕೊರತೆ ಎಂದೂ ಇರಲಿಲ್ಲ. ಕೊಡ, ಹಂಡೆಗಳನ್ನು ತಟ್ಟುವ ಕಂಚುಗಾರರದು ಪುರಾತನವಾದ ವೃತ್ತಿ. ನೆಗ್ಗಿದ ಕೊಡವನ್ನು ಗೂಟದ ಮೇಲೆ ಕವುಚಿ ನೇರಮಾಡುವುದು ಡಾಲಿಯ ಕೆಲಸವೇ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯು ಯುದ್ಧ ಮುಗಿದ ಮೇಲೆ ಬಸ್ಸುಗಳ ಒಡಲುಗಳನ್ನೂ ರೈಲು ಬಂಡಿಗಳನ್ನೂ ತಯಾರಿಸಿತು. ವಿಮಾನದ ತಗಡಿನಲ್ಲಿ ಪಳಗಿದ ಊರಿಗೆ ಇದು ಹೊಸ ಭಾಷೆಯೇನೂ ಆಗಿರಲಿಲ್ಲ.

ಈಗ ನಾನು ಹಿಂದಿರುಗುತ್ತೇನೆಂದ ಮಾತಿಗೆ ಬರೋಣ. ಹಳೆಯ ಗಾಡಿಯೊಂದನ್ನು ಜೀರ್ಣೋದ್ಧಾರಮಾಡಲು ಹೊರಟವನು ಮೊದಲು ಬಣ್ಣವನ್ನು ಪೂರ್ತಿಯಾಗಿ ಕಳಚುತ್ತಾನೆ. ಅವಸರದವನು ಮರಳಿನ ಧಾರೆಯನ್ನು ಬಿಡುತ್ತಾನೆ. ಮರಳಿನ ಲಕ್ಷಾಂತರ ಪುಟ್ಟ ಪೆಟ್ಟುಗಳಿಂದ ತಗಡಿನ ಮೇಲ್ಮೈ ಹಿಗ್ಗಿ, ಚಪ್ಪಟೆಯಾಗಿದ್ದ ಬಾನೆಟ್ಟು ಹಪ್ಪಳದಂತೆ ಅಲೆಯಲೆಯಾಗುತ್ತದೆ. ತಾಳ್ಮೆಯುಳ್ಳವನು ರಾಸಾಯನಿಕ ದ್ರವದಿಂದ ಬಣ್ಣವನ್ನು ಮೆತ್ತಗೆ ಮಾಡಿ ಹೆರೆಯುತ್ತಾನೆ. ಆಮೇಲೆ ಸುತ್ತಿಗೆ, ಅರ, ಪುಟ್ಟಿ, ಮೊಳದುದ್ದದ ಹಲಗೆಗೆ ಅಂಟಿಸಿದ ಉಪ್ಪುಕಾಗದ, ಸುಳುಹು ಬಣ್ಣ, ಮತ್ತೆ ಉಜ್ಜುವುದು. ನೀರನ್ನು ಸವರಿ, ಒದ್ದೆ ಮೈಯಲ್ಲಿ ದೀಪದ ಬೆಳಕು ಹೇಗೆ ಹರಿಯುವುದೆಂದು ಓರೆಯಾಗಿ ಬಗ್ಗಿ ನೋಡುವುದು. ಕಣ್ಣಿಗಿಂತಲೂ ಅಂಗೈ ಹೆಚ್ಚು ಬಲ್ಲದು. ಅಂಗೈಯ ಮೇಲೆ ತೆಳುವಾದ ಬಟ್ಟೆಯಿದ್ದರೆ ಇನ್ನೂ ಹೆಚ್ಚು. ಹೀಗೆ ತಿಂಗಳುಗಟ್ಟಲೆ ದುಡಿದಾಗ ತಯಾರಾಗುವುದೇನು? ಎಷ್ಟೋ ವೇಳೆ, ಆ ಗಾಡಿ ಹುಟ್ಟಿದ ದಿನ ಇದ್ದುದಕ್ಕಿಂತಲೂ ನೇರವಾದ ಗಾಡಿ. ಕೈಯಿಂದ ಮಾಡಿದ ಎಡದ ಮಡ್‌ಗಾರ್ಡು ಬಲದ್ದರಂತೆ ಇರಲೇ ಇಲ್ಲ. ಈಗ ಎರಡೂ ಒಂದೇ. ಬಾಗಿಲಿನ ಸಂದುಗಳು ಅಂದು ಅಷ್ಟು ಸಮವಾಗಿರಲಿಲ್ಲ. ಈಗ ದಾರ ಹಿಡಿದಂತಿವೆ. ಪ್ರದರ್ಶನದಲ್ಲಿ ಇದಕ್ಕೆ ಬಹುಮಾನ ಬರುತ್ತದೆ. ಆದರೆ ಅದನ್ನು ಮೊದಲು ರೂಪಿಸಿದವನ ಕೈಬರಹ ಅಳಿಸಿಹೋಗಿರುತ್ತದೆ. ಹಳೆಯ ಒಡಲುಗಳನ್ನು ಪರೀಕ್ಷಿಸುವ ವಿದ್ವಾಂಸರು ಇತ್ತೀಚೆಗೆ ತಗಡಿನ ಹೊರಮೈಗಿಂತ ಒಳಮೈಯನ್ನೇ ಹೆಚ್ಚಾಗಿ ನೋಡುತ್ತಾರೆ. ಅಲ್ಲಿ ಯಾರೂ ಉಜ್ಜಲು ಹೋಗದ ಕೊಡತಿಯ ಗುರುತುಗಳು ಉಳಿದಿರುತ್ತವೆ.

ಇಲ್ಲಿ ಎರಡು ಪಕ್ಷಗಳುಂಟು. ಗಾಡಿ ಓಡಿಸುವುದಕ್ಕಾಗಿ ಹುಟ್ಟಿದ್ದು, ತುಕ್ಕು ಹಿಡಿದು ಸಾಯುವುದಕ್ಕಿಂತ ಹೊಸ ಮೈ ಪಡೆಯುವುದು ಲೇಸೆಂದು ಒಂದು ಪಕ್ಷ. ತುಕ್ಕಿಗೆ ಬಲಿಯಾದ ತಗಡಿನ ವಿಷಯದಲ್ಲಿ ನಾನು ಇವರನ್ನು ಒಪ್ಪುತ್ತೇನೆ. ಆದರೆ ಗಟ್ಟಿಯಾಗಿರುವ ತಗಡನ್ನು, ಅದರಲ್ಲೊಂದು ಹಳೆಯ ನೆಗ್ಗಿದೆಯೆಂಬ ಒಂದೇ ಕಾರಣಕ್ಕೆ, ಅರಕ್ಕೂ ಪುಟ್ಟಿಗೂ ಒಪ್ಪಿಸುವುದು ನನಗೆ ಸರಿತೋರುವುದಿಲ್ಲ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನದಿನಲ್ಲಿಯೂ ಸಾಧ್ಯವಾದಷ್ಟು ಉಳಿಸಿಕೊಳ್ಳುವುದಕ್ಕೇ ಆದ್ಯತೆ ಕೊಟ್ಟಿದೆ. ಹೊಸದಾಗಿ ಸೇರಿಸಿದ ಭಾಗಗಳನ್ನು ಗುರುತಿಸುವಂತಿರಬೇಕೆಂದು ಹೇಳಿದೆ.

ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಎಂಬಲ್ಲಿ 1950ರಲ್ಲಿ ಆರಂಭವಾದ ಗಾಡಿಗಳ ಸ್ಪರ್ಧೆ ಈ ಲೋಕದಲ್ಲಿ ಅತ್ಯಂತ ಪ್ರತಿಷ್ಠಿತವಾದದ್ದು. ಕನ್ನಡಿಯಂಥ ಬಣ್ಣಕ್ಕೂ ದಾರ ಹಿಡಿದಂಥ ಸಂದುಗಳಿಗೂ ಅದೇ ತವರುಮನೆ. ಅಲ್ಲಿ 2024ರ ಆಗಸ್ಟಿನಲ್ಲಿ ಸರ್ವಶ್ರೇಷ್ಠ ಬಹುಮಾನವು 1934ರ ಬುಗಾಟಿ ಟೈಪ್ 59 ಗಾಡಿಯೊಂದಕ್ಕೆ ಸಂದಿತು. ಒಂದು ಕಾಲದಲ್ಲಿ ಬೆಲ್ಜಿಯಮ್ಮಿನ ದೊರೆ ಮೂರನೆಯ ಲಿಯೊಪೋಲ್ಡನ ವಶದಲ್ಲಿದ್ದ ಈ ಗಾಡಿ ಜೀರ್ಣೋದ್ಧಾರವಾಗದೆ, ಸವೆದ ಕಪ್ಪು ಬಣ್ಣದಲ್ಲಿಯೇ ಬಂದು ನಿಂತಿತ್ತು. ಹೀಗೆ ಇದ್ದಂತೆಯೇ ಉಳಿಸಿಕೊಂಡು ಬಂದ ಗಾಡಿ ಅಲ್ಲಿ ಗೆದ್ದದ್ದು ಅದೇ ಮೊದಲು.

ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಹಳೆಯ ಗಾಡಿಗಳ ಸಂಗ್ರಹಾಲಯವಿದೆ. ಮೈಸೂರಿನ ದಾರಿಯಲ್ಲಿ ಹೋಗುವವರಿಗೆ ದೂರವಲ್ಲ. ಹೋದಾಗ ಗಾಡಿಯ ಎದುರಿಗೆ ನಿಲ್ಲಬೇಡಿ. ಹಿಂದಿನ ಮೂಲೆಯಲ್ಲಿ ಸ್ವಲ್ಪ ಬಗ್ಗಿ ನಿಂತು, ಬಾಗಿಲುಗಳ ಉದ್ದಕ್ಕೂ ಬೆಳಕಿನ ಗೆರೆ ಹೇಗೆ ಸಾಗುವುದೆಂದು ನೋಡಿ. ಕಾವಲುಗಾರರ ಅಪ್ಪಣೆ ದೊರೆತರೆ ಮಡ್‌ಗಾರ್ಡಿನ ಒಳಮೈಯನ್ನೂ ಒಮ್ಮೆ ಇಣಿಕಿ ನೋಡಿ.